ಪರಶು ಮಾಮಾ ತೆಗೆದ ನನ್ನ ಬರ್ತಡೇ ಸಿನಿಮಾ

ಈಗಿನ ಮಕ್ಕಳಿಗೆ ತಮ್ಮ ಹುಟ್ಟಿದ ದಿನ ಹಲ್ಲು ಬರುವ ಮೊದಲೇ ಗೊತ್ತಿರುತ್ತದೆ. ನಮ್ಮದು ಹಾಗಲ್ಲ. ತೇರಗಾಂವ ದಾಟಿ ಕಾಡಿನ ಅಂಚಿಗೆ ಇದ್ದ ನಮ್ಮ ಸಿದ್ದಿ ಕೇರಿಯಲ್ಲಿ ಯಾವ ಮಗು ಯಾವಾಗ ಹುಟ್ಟಿತು ಎಂದು ಕೇಳಿದರೆ ಭತ್ತ ಕೊಯ್ಯುವಾಗ, ಹಲಸು ಹಣ್ಣಾದಾಗ, ಆನೆ ಬಂದ ವರ್ಷ ಎಂಬಂಥ ಉತ್ತರ ಸಿಗುತ್ತಿತ್ತು. ನಾನು ಭತ್ತ ಕೊಯ್ಯುವಾಗ ಹುಟ್ಟಿದವಳು. ಶಾಲೆಗೆ ಹಾಕುವಾಗ ಗುರುಗಳು ಎಲ್ಲರಿಗೂ ಬರೆಯುವಂತೆ ನನಗೂ ಜೂನ್ ಒಂದು ಎಂದು ಬರೆದುಕೊಂಡರು. ಅದರಿಂದ ನಮಗೇನೂ ನಷ್ಟವಾಗಿರಲಿಲ್ಲ, ಶೋಭಾಳ ಬರ್ತಡೇಗೆ ಹೋಗಿ ಬರುವ ತನಕ.

ಶೋಭಾ ಐದನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು. ಅವಳ ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿಗೆ ಹೋಗುತ್ತಿದ್ದರು. ಅವಳ ಬರ್ತಡೇಗೆ ವಿಡಿಯೊದವನು ಬಂದಿದ್ದ. ಕಣ್ಣು ಕುಕ್ಕುವ ದೀಪ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ. ಮುಂದೆ ಒಂದು ರವಿವಾರ ಅವರ ಮನೆಯ ಟೀವಿಯಲ್ಲಿ ಅದನ್ನು ಹಾಕಿ ತೋರಿಸಿದರು. ನಾನು ಬರುತ್ತೇನೆ, ಈಗ ಬರುತ್ತೇನೆ ಎಂದು ಕಾದು ಕೂತೆ. ಕೊನೆಗೆ ಯಾರದೋ ಹೆಗಲ ಹಿಂದೆ ನನ್ನ ಅರ್ಧ ತಲೆ ಕಂಡಿತು, ಮಾಯವಾಯಿತು. ಮನೆಗೆ ಬಂದು ಅತ್ತೆ. ಅವ್ವ ರೊಟ್ಟಿ ತಟ್ಟುತ್ತ, ಅರ್ಧ ತಲೆಯಾದರೂ ಬಂತಲ್ಲ ಎಂದಳು.

ನನ್ನ ಅಳು ಅರ್ಥವಾದದ್ದು ಪರಶು ಮಾಮಾನಿಗೆ. ಅವ್ವನ ತಮ್ಮ. ಗಣೇಶಗುಡಿಯ ಒಂದು ಹೋಮ್‌ಸ್ಟೇಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಾಗ ಬರುವವನು ಹಸಿಮೆಣಸು, ಬೆಳ್ಳುಳ್ಳಿಯ ವಾಸನೆಯನ್ನೇ ಹೊದ್ದುಕೊಂಡು ಬರುತ್ತಿದ್ದ. ನಾನು ಅವನ ಕೊರಳಿಗೆ ಜೋತುಬಿದ್ದು ಇವತ್ತು ಏನು ಬೇಯಿಸಿದೆ ಎಂದು ಮೂಸಿ ಹೇಳುತ್ತಿದ್ದೆ. ಹೊಳೆಯಲ್ಲಿ ದೋಣಿ ಏರುವ ಪ್ರವಾಸಿಗರನ್ನು ತೆಗೆಯಲು ಮಾಲಕರ ಹತ್ತಿರ ಒಂದು ಕೈಕ್ಯಾಮೆರಾ ಇತ್ತು. ಅದನ್ನು ಹಿಡಿಯುವುದನ್ನು ಮಾಮಾ ಹೇಗೋ ಕಲಿತುಕೊಂಡಿದ್ದ.

"ಶೋಭಾನ ವಿಡಿಯೊದಾಗ ಏನೈತಿ?" ಎಂದ. "ಬಾಯಿ ತೆಗಿ, ಕೇಕ್ ತಿನ್ನು, ಬಾಯಿ ಮುಚ್ಚು. ನಾವು ಸಿನಿಮಾನ ತೆಗಿಯೂಣು."

"ಹೀರೋಯಿನ್ ಯಾರು?"

"ಮತ್ತ ಯಾರು? ನೀನ."

ಹೀಗೆ ಭತ್ತದ ಕೊಯ್ಲಿನ ಹೊತ್ತಿಗೆ ನನಗೊಂದು ಬರ್ತಡೇ ಬಂತು. ಅವ್ವ ಹಳಿಯಾಳದ ಸಂತೆಯಿಂದ ಅಬೋಲಿ ಹೂವಿನ ಬಣ್ಣದ ಫ್ರಾಕ್ ತಂದಳು, ಕೆಳಗೆ ಜಾಳಿಗೆಯ ಅಂಚಿನದು. ಮಾಮಾ ಬೇಕರಿಯ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಮೇಲಿನ ಗುಲಾಬಿ ಹೂವು ಒಂದು ಕಡೆ ವಾಲಿತ್ತು. ಕತೆಯನ್ನೂ ಅವನೇ ಕಟ್ಟಿದ್ದ. ಕಾಡಿನ ರಾಣಿಯ ಬರ್ತಡೇ ಕಳೆದುಹೋಗಿದೆ. ರಾಣಿಯೂ ಅವಳ ದಂಡೂ ಅದನ್ನು ಹುಡುಕುತ್ತ ಹೋಗುತ್ತಾರೆ. ಕೊನೆಗೆ ಕಣದಲ್ಲಿ ಬುಟ್ಟಿ ಎತ್ತಿದರೆ ಕೆಳಗೆ ಕೇಕ್. ಕೇಕ್ ಮುಟ್ಟಿದ ಕೂಡಲೆ ರಾಣಿಯ ಮೈಮೇಲಿನ ಎಲೆಯೆಲ್ಲ ಹೋಗಿ ಫ್ರಾಕ್ ಬರುತ್ತದೆ.

ಫ್ರಾಕ್ ಹೇಗೆ ಬರುತ್ತದೆ ಎಂಬುದನ್ನು ಅವನು ನಮ್ಮ ನಾಯಿಯ ಮೇಲೆ ಮಾಡಿ ತೋರಿಸಿದ. ರಾಣಿಯಾದ ನಾನು, ದಂಡಾದ ಕೇರಿಯ ಮಕ್ಕಳು ಎಲ್ಲ ಅಲ್ಲಾಡದೆ ನಿಂತೆವು, ನಾಯಿ ನಡುವೆ. ಮಾಮಾ ಕ್ಯಾಮೆರಾ ನಿಲ್ಲಿಸಿದ, ನಾಯಿಯನ್ನು ಓಡಿಸಿದ, ಮತ್ತೆ ಚಾಲು ಮಾಡಿದ. ಆಮೇಲೆ ಆ ಚಿಕ್ಕ ಪರದೆಯಲ್ಲಿ ನೋಡಿದರೆ ನಾಯಿ ಇದ್ದಲ್ಲೇ ಮಾಯ. ನಾವು ಬಿದ್ದು ಬಿದ್ದು ನಕ್ಕೆವು. ಫ್ರಾಕ್ ಬಂದಾಗ ಮಂದಿ ಮೂಗಿನ ಮೇಲೆ ಬೆರಳಿಡುತ್ತಾರೆ ಎಂದ ಮಾಮಾ.

ಅವ್ವನಿಗೆ ಎಲೆಯ ವಿಷಯ ಹಿಡಿಸಲಿಲ್ಲ. "ನಮ್ಮ ಮಂದಿಗಿ ಎಲಿ ಯಾಕೊ ಪರಶು? ನಮ್ಮ ಅಜ್ಜಾನೂ ಎಲಿ ಕಟ್ಟಿದಾವ ಅಲ್ಲ" ಎಂದಳು. ಆಟವಕ್ಕಾ, ಕೊನೆಗೆ ಫ್ರಾಕ್ ಬರುತ್ತದಲ್ಲ ಎಂದು ಅವನು ಸಮಾಧಾನ ಹೇಳಿದ. ಅವ್ವ ಒಳಗೆ ಹೋದಳು. ನಾವು ಅಂಗಿಯ ಮೇಲೆ ಎಲೆ ಕಟ್ಟಿಕೊಂಡರೆ, ಅಂಗಿ ಕಾಣಬಾರದು, ತೆಗೆಯಿರಿ ಎಂದ ಮಾಮಾ. ತೆಗೆದೆವು. ಸಾಗವಾನಿಯ ಚಿಗುರು ತಿಕ್ಕಿದರೆ ಕೈ ಕೆಂಪಾಗುತ್ತದೆ. ಆ ಕೆಂಪನ್ನು ಕೆನ್ನೆಗೂ ಹಣೆಗೂ ಹಚ್ಚಿಕೊಂಡೆವು.

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಕೆಲಸವಾದರೂ ಮೊದಲು ಹಿರಿಯರಿಗೆ ಎಡೆ ಇಡಬೇಕು. ತೀರಿಹೋದ ನಮ್ಮವರೆಲ್ಲ ಇರುವುದು ಒಳಮನೆಯ ಒಂದು ಮೂಲೆಯಲ್ಲಿ. ಅಜ್ಜಿ, ಎಂದರೆ ಅವ್ವನಿಗೂ ಮಾಮಾನಿಗೂ ತಾಯಿ, ಬೆಲ್ಲದ ಪಾಯಸವನ್ನು ಬಾಳೆಲೆಯಲ್ಲಿಟ್ಟು ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದಳು. ಮಾಮಾ ಕ್ಯಾಮೆರಾ ಹಿಡಿದು ಬಾಗಿಲಿಗೆ ಬಂದ. ಅಜ್ಜಿ ತಿರುಗಿ, ಅದನ್ನು ಕೆಳಗಿಳಿಸು, ಇದು ಆಟವಲ್ಲ ಎಂದಳು. ಅವನು ಕೂಡಲೆ ಸೊಂಟಕ್ಕೆ ಇಳಿಸಿಕೊಂಡು ನಿಂತ.

ಆಮೇಲೆ ಇಡೀ ದಿನ ಸಿನಿಮಾ. ಚಕ್ಕಡಿಯ ಮೇಲೆ ಕೂತು ನಾವು ಓಡುವುದನ್ನು ತೆಗೆದ. ಮಾವಿನ ಮರ ಹತ್ತಿ ಮೇಲಿನಿಂದ ತೆಗೆದ. ಹುಲ್ಲಿನ ಬಣವೆಯಲ್ಲಿ ನಮ್ಮನ್ನು ಮುಚ್ಚಿಟ್ಟು ಒಬ್ಬೊಬ್ಬರಾಗಿ ಏಳಿಸಿದ. ಹುಲ್ಲಿನ ಸುಂಕಿಗೆ ಮೈಯೆಲ್ಲ ತುರಿಕೆ. ನಮ್ಮ ಡಮಾಮಿ ಡೋಲು ಬಾರಿಸಿ ಕುಣಿಸಿದ. ಅದು ನಮಗೆ ಹೇಳಿಕೊಡಬೇಕಾದ ಕುಣಿತವಲ್ಲ, ಆದರೆ ಅವನಿಗೆ ನಾವು ಕುಣಿದದ್ದು ಸಾಲಲಿಲ್ಲ. ಹೋ ಹೋ ಎಂದು ಕೂಗಿರಿ, ಹಲ್ಲು ತೋರಿಸಿರಿ, ಕೋಲು ಎತ್ತಿರಿ ಎಂದ. ಮತ್ತೆ ಮತ್ತೆ ಕೂಗಿಸಿದ. ಗಂಟಲು ಬಿದ್ದುಹೋಯಿತು.

ಹೊತ್ತು ಇಳಿಯುವಾಗ ಕೇಕಿನ ಸರದಿ ಬಂತು. ಬುಟ್ಟಿ ಎತ್ತಿದೆ, ಕೇಕ್ ಮುಟ್ಟಿದೆ, ಅವನು ಸ್ಟಾಪ್ ಎಂದ. ಒಳಗೆ ಓಡಿ ಮುಖ ತೊಳೆದು ಫ್ರಾಕ್ ಹಾಕಿಕೊಂಡು ಬಂದು ಅದೇ ಜಾಗದಲ್ಲಿ ಕೈ ಹಾಗೇ ಇಟ್ಟು ನಿಂತೆ. ಮಾಮಾ ಕ್ಯಾಮೆರಾ ಕಣ್ಣಿಗೊತ್ತಿಕೊಂಡು ಆ್ಯಕ್ಷನ್ ಎಂದ. ನಾನು ಫ್ರಾಕಿನ ಅಂಚು ಹಿಡಿದು ಒಂದು ಸುತ್ತು ತಿರುಗಿದೆ. ಕೇಕ್ ಕತ್ತರಿಸಿದೆ. ಅವನು ನನ್ನ ಸುತ್ತ ಬಗ್ಗಿ, ಕೂತು, ಹತ್ತಿರ ಬಂದು, ದೂರ ಹೋಗಿ ತೆಗೆದ. ನನ್ನ ಬಾಳಿನಲ್ಲಿ ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ.

ಆಮೇಲೆ ಕಾಯುವುದೇ ಆಯಿತು. ಬಂದಾಗಲೆಲ್ಲ ಕೇಳಿದರೆ ಎಡಿಟಿಂಗ್ ನಡೆದಿದೆ ಎನ್ನುತ್ತಿದ್ದ. ಅಷ್ಟರಲ್ಲಿ ಅಡಿಗೆಮನೆ ಬಿಡಿಸಿ ಅವನನ್ನು ಗೈಡ್ ಮಾಡಿದ್ದರು, ತಲೆಗೆ ಹಸಿರು ಟೊಪ್ಪಿಗೆ ಬಂದಿತ್ತು. ನಮಗೆಲ್ಲ ಹಿಗ್ಗು. ನಾನು ಇಡೀ ವರ್ಗಕ್ಕೆ ನನ್ನ ಸಿನಿಮಾದ ಕತೆ ಹೇಳಿಬಿಟ್ಟಿದ್ದೆ. ಎಲೆ ಹೋಗಿ ಫ್ರಾಕ್ ಬರುವುದನ್ನು ಶೋಭಾ ನಂಬಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಾಲೆಯಿಂದ ಸೂಪಾ ಅಣೆಕಟ್ಟೆ ನೋಡಲು ಗಣೇಶಗುಡಿಗೆ ಹೋದೆವು. ಬುತ್ತಿ ಬಿಚ್ಚಲು ನೆರಳು ಬೇಕಿತ್ತು. ನಮ್ಮ ಮಾಮಾ ಇರುವ ಹೋಮ್‌ಸ್ಟೇಗೆ ಹೋಗೋಣ ಎಂದು ನಮಗೆ ಪಾಠ ಹೇಳುವ ಅಕ್ಕೋರಿಗೆ ಹೇಳಿದವಳು ನಾನೇ. ಅಂಗಳದಲ್ಲಿ ಕೂತು ಚಪಾತಿ ತಿಂದೆವು. ನೀರು ಕೇಳಲು ಒಳಗೆ ಹೋದೆ. ಊಟದ ಹಾಲಿನಲ್ಲಿ ಪ್ರವಾಸಿಗರು ಉಣ್ಣುತ್ತಿದ್ದರು. ಗೋಡೆಯ ದೊಡ್ಡ ಟೀವಿಯಲ್ಲಿ ನಾನಿದ್ದೆ. ಅರ್ಧ ತಲೆಯಲ್ಲ, ಪೂರ್ತಿ ನಾನು.

ನೀರು ಮರೆತು ಹೊರಗೆ ಓಡಿದೆ. "ಬರ್ರಿ ಬರ್ರಿ, ನನ್ನ ಸಿನಿಮಾ ಹಚ್ಯಾರ!"

ಎಲ್ಲರೂ ಬಂದರು. ಅಕ್ಕೋರೂ ಬಂದರು. ಉಣ್ಣುವವರ ಹಿಂದೆ ಗೋಡೆಗೆ ಆತು ನಿಂತೆವು. ನಾವು ಎಲೆ ಕಟ್ಟಿಕೊಂಡು ಓಡಿದೆವು, ಹೋ ಹೋ ಎಂದು ಕೂಗಿದೆವು, ಕೋಲೆತ್ತಿ ಕುಣಿದೆವು. ನಡುವೆ ಅಜ್ಜಿ ಬಂದಳು, ಎಡೆಯ ಮುಂದೆ ಕೈ ಮುಗಿದು. ಸೊಂಟದ ಎತ್ತರದಿಂದ ತೆಗೆದ ಚಿತ್ರ. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಅಕ್ಕೋರು ಓದಿ ನನ್ನ ಭುಜದ ಮೇಲೆ ಕೈಯಿಟ್ಟರು. ಕಾಡುಜನರ ಗುಪ್ತ ಪೂಜೆ ಎಂದು ಬರೆದಿತ್ತು ಎಂಬುದನ್ನು ಅವರು ಬಸ್ಸಿನಲ್ಲಿ ಹೇಳಿದರು, ಅದೂ ನಾನು ಬಿಡದೆ ಕೇಳಿದ್ದಕ್ಕೆ.

ಈಗ ನೋಡಿರಿ, ಈಗ ಫ್ರಾಕ್ ಬರುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಬುಟ್ಟಿಯ ಹತ್ತಿರ ಹೋದೆ, ಬಗ್ಗಿದೆ. ಅಷ್ಟಕ್ಕೆ ಕತ್ತರಿಸಿ ಹೋಮ್‌ಸ್ಟೇಯ ಹೆಸರು ಬಂತು. ಮತ್ತೆ ಮೊದಲಿನಿಂದ ಶುರುವಾಯಿತು. ಕೇಕೂ ಇಲ್ಲ, ಬರ್ತಡೇಯೂ ಇಲ್ಲ. ಹಿಂದಿನಿಂದ ಯಾರೋ ಮೆಲ್ಲಗೆ ಹೋ ಹೋ ಎಂದರು. ಉಳಿದವರು ಕಿಸಕ್ಕನೆ ನಕ್ಕರು. ಶೋಭಾ ನಗಲಿಲ್ಲ. "ಫ್ರಾಕ್ ಎಲ್ಲೈತಿ ಗಿರಿಜಾ?" ಎಂದು ಕೇಳಿದಳು, ಅಷ್ಟೇ.

ಆಗ ಮಾಮಾ ಒಳಗೆ ಬಂದ. ಉಣ್ಣುತ್ತಿದ್ದ ಒಬ್ಬ ದೊಡ್ಡ ಮನುಷ್ಯರು ಟೀವಿಯತ್ತ ಕೈ ಮಾಡಿ, ಇವರು ಎಲ್ಲಿಯವರಪ್ಪ, ನಿಮ್ಮವರೇ ಏನು ಎಂದು ಅವನನ್ನು ಕೇಳಿದರು. ಮಾಮಾ ತಲೆಯೆತ್ತಿ ಗೋಡೆಯ ಹತ್ತಿರ ನಿಂತ ನನ್ನನ್ನು ನೋಡಿದ. ನೋಡಿಯೇ ಹೇಳಿದ.

"ಅಲ್ರಿ ಸರ್. ಅವರು ಒಳಗ ಕಾಡಿನ್ಯಾಗಿನ ಮಂದಿ. ನಾವು ಊರಾಗಿನವರು."

ನನಗೆ ಅಳು ಬರಲಿಲ್ಲ. ಮೈಮೇಲೆ ಶಾಲೆಯ ಬಿಳಿ ಅಂಗಿ, ನೀಲಿ ಸ್ಕರ್ಟ್ ಇದ್ದರೂ ಎರಡೂ ಕೈ ಎದೆಗೆ ಕಟ್ಟಿಕೊಂಡು ಮೈ ಮುಚ್ಚಿಕೊಂಡದ್ದು ನೆನಪಿದೆ.

ಮುಂದಿನ ಸಲ ಮಾಮಾ ಬಂದಾಗ ಅವ್ವ ಅವನನ್ನು ಹೊಸ್ತಿಲಲ್ಲೇ ತಡೆದು ಕೇಳಿದಳು. ಪ್ರವಾಸಿಗರಿಗೆ ತೋರಿಸಲು ಇಂಥದ್ದೊಂದು ತೆಗೆದುಕೊಡುತ್ತೇನೆ ಎಂದು ಒಪ್ಪಿದ್ದಕ್ಕೇ ಮಾಲಕರು ಕ್ಯಾಮೆರಾ ಕೊಟ್ಟಿದ್ದರಂತೆ. ಹಾಗಾದರೆ ಫ್ರಾಕ್ ಹಾಕಿಕೊಂಡದ್ದನ್ನಾದರೂ ಕೊಡು, ಹುಡುಗಿ ನೋಡಲಿ ಎಂದಳು ಅವ್ವ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸಿದ.

"ಅಷ್ಟೊತ್ತಿಗೆ ಟೇಪ್ ಮುಗದಿತ್ತಕ್ಕಾ. ಕೂಸಿಗೆ ಬ್ಯಾಸರ ಆಗಬಾರದಂತ ಸುಮ್ಮನ ಹಿಡದೆ."

ಸುಮ್ಮನೆ ಹಿಡಿದಿದ್ದ. ನಾನು ತಿರುಗಿದ್ದು, ನಕ್ಕಿದ್ದು, ಕೇಕ್ ಕತ್ತರಿಸಿದ್ದು, ಯಾವುದೂ ಅದರೊಳಗೆ ಹೋಗಿರಲಿಲ್ಲ. ಟೀವಿಯಲ್ಲಿ ನೋಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು, ಇವತ್ತಿಗೂ ನೋಯಿಸುತ್ತದೆ. ಅಜ್ಜಿ ಒಳಗಿನಿಂದ ಬಂದು ಮಗನನ್ನು ಕೇಳಿದ್ದು ಒಂದೇ. "ನನ್ನ ತೋರ್ಸಿದ್ರ ತೋರ್ಸು. ಹಿರಿಯರನ್ನ ಉಣ್ಣೋ ಮಂದಿ ಮುಂದ ಯಾಕ ಇಟ್ಟಿ?" ಆ ವರ್ಷದ ಹಿರಿಯರ ಪೂಜೆಗೆ ಅಜ್ಜಿ ಅವನಿಗೆ ಹೇಳಿ ಕಳಿಸಲಿಲ್ಲ.

ಈಗ ನಾನು ದಾಂಡೇಲಿಯಲ್ಲಿ ಟೀಚರು. ಅಜ್ಜಿ ಇಲ್ಲ. ಆ ಹೋಮ್‌ಸ್ಟೇ ಯಾರದೋ ಕೈ ಸೇರಿ ಹೆಸರು ಬದಲಾಗಿದೆ. ಮಾಮಾ ಕೆಟ್ಟವನಾಗಿರಲಿಲ್ಲ. ಅಡಿಗೆಮನೆಯ ಹೊಗೆಯಿಂದ ಹೊರಗೆ ಬರಲು ಅವನಿಗೊಂದು ದಾರಿ ಬೇಕಿತ್ತು, ಕೈಗೆ ಸಿಕ್ಕಿದ್ದು ನಾವು. ಇದೆಲ್ಲ ನನಗೆ ತಿಳಿಯುತ್ತದೆ. ತಿಳಿದರೂ ಸಿಟ್ಟು ಪೂರ್ತಿ ಇಳಿದಿಲ್ಲ ಎಂದರೆ ಏನು ಮಾಡಲಿ.

ಹೋದ ವರ್ಷ ನನ್ನ ಮಗಳ ಬರ್ತಡೇಗೆ ಮಾಮಾ ಬಂದಿದ್ದ. ತಲೆ ಬೆಳ್ಳಗಾಗಿದೆ. ಮೊದಲಿನಂತೆ ಸೀದಾ ಒಳಮನೆಗೆ ನುಗ್ಗದೆ ಹೊರಗಿನ ಕುರ್ಚಿಯಲ್ಲಿ ಕೂತ. ಬಂದವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಅವನೊಬ್ಬ ಮಾತ್ರ ನನ್ನ ಹತ್ತಿರ ಬಂದು, ನಾನೂ ಒಂದೆರಡು ಹಿಡಿಯಲೇನವಾ ಎಂದು ಕೇಳಿದ. ಹಿಡಿ ಮಾಮಾ ಎಂದೆ. ಮಗಳು ಅವನಿಗಾಗಿ ಕುಣಿದಳು, ಕೇಕಿನ ಕೆನೆಯನ್ನು ಅವನ ಮೂಗಿಗೆ ಹಚ್ಚಿದಳು. ಅವನು ಮೊದಲಿನಂತೆಯೇ ಬಗ್ಗಿ, ಕೂತು, ಸುತ್ತ ತಿರುಗಿ ತೆಗೆದ.

ಹೊರಡುವಾಗ ಮೊಬೈಲನ್ನು ನನ್ನ ಕೈಗೆ ಕೊಟ್ಟ. "ಒಮ್ಮಿ ನೋಡವಾ. ಬ್ಯಾಡಾದದ್ದು ಇದ್ರ ತಗದು ಹಾಕು."

ಇರಲಿ ಬಿಡು ಮಾಮಾ, ನಿನ್ನದನ್ನು ನಾನೇನು ನೋಡುವುದು ಎಂದು ಹೇಳಬೇಕಿತ್ತು. ಹತ್ತು ವರ್ಷದವಳಾಗಿದ್ದರೆ ಹಾಗೇ ಹೇಳುತ್ತಿದ್ದೆ. ನಾನು ಕುರ್ಚಿ ಎಳೆದುಕೊಂಡು ಕೂತೆ. ಒಂದೊಂದಾಗಿ ತೆರೆದು ಕೊನೆಯ ತನಕ ನೋಡಿದೆ. ಮಗಳು ನಗುತ್ತಿದ್ದಳು, ಎಲ್ಲವೂ ಚೆನ್ನಾಗಿತ್ತು, ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಆದರೂ ಒಂದನ್ನೂ ಬಿಡದೆ ನೋಡಿದೆ. ನನ್ನ ಮಾಮಾ ಚಪ್ಪಲಿ ಮೆಟ್ಟಿಕೊಂಡು, ನಾನು ನೋಡಿ ಮುಗಿಸುವ ತನಕ ಬಾಗಿಲ ಹೊರಗೆ ನಿಂತಿದ್ದ.