ಮಿಸ್ತ್ರಿ ಕಾಕಾ ಮತ್ತು ಎರಡು ಸೀಟಿನ ಗಾಡಿ

ಹೋದ ತಿಂಗಳು ಸುರಪುರದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಬರುವಾಗ ದಾರಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ಇಳಿದು ಮುಂದಿನ ಮುಚ್ಚಳ ಎತ್ತಿದ್ದೇ ತಡ, ಬುಸ್ಸೆಂದು ಹಬೆ ಎದ್ದಿತು. ಅದರ ಜೊತೆಗೆ ಒಂದು ವಾಸನೆ. ಬೆಲ್ಲದ ಪಾಕ ತಳ ಹತ್ತಿದಾಗ ಬರುವಂಥದ್ದು, ಸಿಹಿ ಎನ್ನಬೇಕೋ ಕಮಟು ಎನ್ನಬೇಕೋ ತಿಳಿಯದಂಥದ್ದು. ಉಳಿದವರು ಮೂಗು ಮುಚ್ಚಿಕೊಂಡು ಬೇವಿನ ನೆರಳಿಗೆ ಸರಿದರು. ನಾನು ಅಲ್ಲೇ ನಿಂತೆ. ನನಗೆ ಸಿಟ್ಟು ಬಂದಿತ್ತು. ಬಸ್ಸಿನ ಮೇಲಲ್ಲ... ತೀರಿಕೊಂಡು ಎರಡು ವರ್ಷವಾದ ನಮ್ಮ ನೆರೆಮನೆಯವರ ಮೇಲೆ.

ಆ ವಾಸನೆ ಒಂದು ವರ್ಷ ನನ್ನ ಮನೆಯ ಫ್ರಿಜ್ಜಿನೊಳಗಿತ್ತು. ಕೇಳಿದರೆ ಯಾರೂ ನಂಬುವುದಿಲ್ಲ.

ಅವರನ್ನು ಓಣಿಯವರೆಲ್ಲ ಮಿಸ್ತ್ರಿ ಕಾಕಾ ಎನ್ನುತ್ತಿದ್ದರು. ಹುಟ್ಟಿದ್ದು ಕೊಂಕಲ್ಲಿನಲ್ಲಿ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ವರ್ಕ್‌ಶಾಪಿನಲ್ಲಿ ಜೀಪು, ಪಂಪು, ಬುಲ್ಡೋಜರ್ ರಿಪೇರಿ ಮಾಡುತ್ತ ಕೂದಲು ಬೆಳ್ಳಗಾದವರು. ನಿವೃತ್ತರಾದ ಮೇಲೆ ನಮ್ಮ ಗೋಡೆಗೆ ಹತ್ತಿದಂತೆ ಇದ್ದ ಅವರ ಮನೆಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು, ಭಾನುವಾರವೆನ್ನದೆ ಬೆಳಿಗ್ಗೆಯೇ ಟಣ್ ಟಣ್ ಶುರು ಮಾಡುತ್ತಿದ್ದರು. ನಾನು ಶಹಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಅದೊಂದು ಅಪರಾಧವಾಗಿತ್ತು. ಗೋಡೆಯಾಚೆಯಿಂದ "ಅಕ್ಕೋರ, ಒಂದ್ ಮಿನಿಟ್ ಬರ್ತೀರೇನ್ರಿ?" ಎಂದು ಕೂಗು ಬಂತೆಂದರೆ ಯಾವುದೋ ಎಣ್ಣೆ ಡಬ್ಬಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ ಅರ್ಥ ಹೇಳಬೇಕು. ಆ ಒಂದು ಮಿನಿಟು ಯಾವತ್ತೂ ಒಂದು ತಾಸಿಗಿಂತ ಕಡಿಮೆ ಇರಲಿಲ್ಲ.

ಒಂದು ಆಗಸ್ಟಿನಲ್ಲಿ ಲಾರಿಯ ಮೇಲೆ ಹಳದಿ ಬಣ್ಣದ ಕಾರೊಂದು ಬಂದಿಳಿಯಿತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ಪ್ರಾಣಿಯ ಹಾಗಿತ್ತು. ಶೆಡ್ಡಿನ ಹೊಸ್ತಿಲು ದಾಟಿಸಲು ಹಲಗೆ ಹಾಸಬೇಕಾಯಿತು. ಅದು ಶಹಾಪುರದ ಹತ್ತಿ ಸಾಹುಕಾರರೊಬ್ಬರದು. ಅವರು ಹೈದರಾಬಾದಿನಲ್ಲಿ ಮನೆ ಮಾಡಿ ಬಹಳ ವರ್ಷವಾಗಿತ್ತು. ನಾಲ್ಕಾರು ಗೆಳೆಯರು ಕೂಡಿ ತಮ್ಮ ತಮ್ಮ ಕಾರುಗಳನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನಲ್ಲಿ ಬರ್ಫು ಬೀಳುವ ಕಾಲದಲ್ಲೇ ದೇಶದಿಂದ ದೇಶಕ್ಕೆ ಓಡಿಸುವ ಹವ್ಯಾಸ ಹಚ್ಚಿಕೊಂಡಿದ್ದರು. ಅವರ ತಂದೆಯ ಕಾಲದ ಜೀಪನ್ನು ಸಾಕಿದ ಕೈ ಮಿಸ್ತ್ರಿ ಕಾಕಾರದು. ಆ ಕೈ ಮುಟ್ಟದೆ ಗಾಡಿ ಕಳಿಸುವುದಿಲ್ಲ ಎಂದು ಸಾಹುಕಾರರ ಹಟ.

"ನನಗೂ ಬಾ ಅಂದಾರ್ರಿ ಅಕ್ಕೋರ. ಗಾಡಿ ಸಂಗಡ ನಾನೂ ಹೊಂಟೀನಿ."

ನಾನು ಕಾರಿನೊಳಗೆ ಬಗ್ಗಿ ನೋಡಿದೆ. "ಕಾಕಾ, ಇದರಾಗ ಎರಡೇ ಸೀಟ್ ಅದಾವ. ಅವರು, ಅವರ ಹೆಂಡತಿ. ನೀವು ಎಲ್ಲಿ ಕುಂದರ್ತೀರಿ?"

"ಬ್ಯಾರೆ ಗಾಡ್ಯಾಗ ಜಾಗ ಅದ ಅಂತ."

ಅವತ್ತೇ ನನ್ನ ತಲೆ ಬಿಸಿಯಾಯಿತು. ಆದರೆ ಯಾರಿಗೆ ಹೇಳುವುದು? ಅವರಾಗಲೇ ಹೆಡ್‌ಲೈಟಿನ ಮುಂದೆ ಕೂತು, ನಮ್ಮ ದೀಪ ಎಡಕ್ಕೆ ಬಾಗಿರುತ್ತದೆ, ಅಲ್ಲಿಯವರು ಬಲಗಡೆ ಓಡಿಸುತ್ತಾರೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಎಂದು ಕರಿ ಟೇಪು ಕತ್ತರಿಸಿ ಅಂಟಿಸುವ ಲೆಕ್ಕ ಹಾಕುತ್ತಿದ್ದರು.

ಮುಂದಿನ ಮೂರು ತಿಂಗಳು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ನಮ್ಮ ಕಡೆ ಬೆವರು ಇಳಿಯುವ ಸೆಖೆ. ಅವರಿಗೆ ಬೇಕಾದದ್ದು ಮೈನಸ್ ಇಪ್ಪತ್ತರ ಥಂಡಿ. ಟಂಟಂ ಆಟೋದಲ್ಲಿ ಮಂಜುಗಡ್ಡೆ ತರಿಸಿ, ಬ್ಯಾಟರಿಯನ್ನು ಅದರ ನಡುವೆ ಹೂತು, ಮೇಲೆ ಭತ್ತದ ಹೊಟ್ಟಿನ ಚೀಲ ಹೊದಿಸಿ ಮೂರು ತಾಸು ಕಾದರು. ಬ್ಯಾಟರಿಯ ಮೀಟರ್ ಓದುವ ಹೊತ್ತಿಗೆ ಕನ್ನಡಕ ಸಿಗಲಿಲ್ಲ, ನನ್ನನ್ನು ಕರೆದರು. ಗಂಜಿ ಹಾಕಿದ ಸೀರೆ ಉಟ್ಟು ಶಾಲೆಗೆ ಹೊರಟವಳು ನೀರು, ಹೊಟ್ಟು ಮೆತ್ತಿಕೊಂಡು ವಾಪಸಾದೆ.

ಆಮೇಲೆ ಫ್ರಿಜ್ಜು. ಕೂಲಂಟ್ ಎಂದರೆ ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಬೆರೆಸುವ ಹಸಿರು ದ್ರವ. ಎಷ್ಟು ನೀರಿಗೆ ಎಷ್ಟು ಬೆರೆಸಿದರೆ ತಡೆಯುತ್ತದೆ ಎನ್ನುವುದು ಡಬ್ಬಿಯ ಮೇಲೆ ಬರೆದಿದೆ, ನಾನೇ ಓದಿ ಹೇಳಿದ್ದೇನೆ. ಆದರೂ ಕಣ್ಣಾರೆ ನೋಡಬೇಕು! ಅವರ ಮನೆಯಲ್ಲಿ ಫ್ರಿಜ್ ಇಲ್ಲ. ನನ್ನ ಫ್ರಿಜ್ಜಿನ ಬರ್ಫು ಕಟ್ಟುವ ಮೇಲಿನ ಖಾನೆಯಲ್ಲಿ ಮೂರು ಗಾಜಿನ ಬಾಟಲಿ ಬಂದು ಕೂತವು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಕಾಲುಪಾಲು ಕೂಲಂಟ್, ಒಂದರಲ್ಲಿ ಅರ್ಧಕ್ಕರ್ಧ. ಅದು ವಿಷ ಬೇರೆ. ನಾನು ಕೆಂಪು ಪೆನ್ನಿನಲ್ಲಿ "ವಿಷ" ಎಂದು ಬರೆದು ಚೀಟಿ ಹಚ್ಚಿದೆ. ಮರುದಿನ ನೀರಿನ ಬಾಟಲಿ ಒಡೆದು ಗಾಜೆಲ್ಲ ಕೆಳಗಿದ್ದ ನನ್ನ ದೋಸೆ ಹಿಟ್ಟಿನ ಪಾಲಾಯಿತು. ಕಾಲುಪಾಲಿನದು ಎಳೆನೀರಿನ ಗಂಜಿಯಂತೆ ಗಟ್ಟಿಯಾಗಿ, ಅದೂ ಸೀಳಿ, ಒಳಗೆಲ್ಲ ಸೋರಿ, ಆ ವಾಸನೆ ಅಲ್ಲೇ ಮನೆ ಮಾಡಿತು. ಅರ್ಧಕ್ಕರ್ಧದ್ದು ಮಾತ್ರ ನೀರಿನಂತೆ ತುಳುಕುತ್ತಿತ್ತು. ಕಾಕಾ ಅದನ್ನು ಬೆಳಕಿಗೆ ಹಿಡಿದು, ಮೊಮ್ಮಗನನ್ನು ನೋಡುವವರ ಹಾಗೆ ನೋಡಿದರು. ನನ್ನ ಹಿಟ್ಟಿನ ಬಗ್ಗೆ ಒಂದು ಮಾತಿಲ್ಲ.

ಬಾಗಿಲಿನ ರಬ್ಬರಿಗೆ ಗ್ಲಿಸರಿನ್ ಉಜ್ಜಿದರು. ಇಲ್ಲದಿದ್ದರೆ ಬರ್ಫಿನಲ್ಲಿ ಬಾಗಿಲು ಕಚ್ಚಿ ಹಿಡಿಯುತ್ತದಂತೆ. ಅಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆಂದು ತಳಕ್ಕೆಲ್ಲ ಮೇಣದಂಥದ್ದೇನೋ ಬಳಿದರು. ಗಾಲಿಗೆ ಹಾಕುವ ಸರಪಳಿಯನ್ನು ತೊಡಿಸಿ ಬಿಚ್ಚಿ, ತೊಡಿಸಿ ಬಿಚ್ಚಿ, ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿಸಿಕೊಂಡರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದರು. ಅದನ್ನು ಇಂಗ್ಲಿಷಿಗೆ ಇಳಿಸಿದವಳು ನಾನು. ಮೊದಲ ಪುಟದ ಮೊದಲ ಸಾಲು, ಅಡಿಗೆರೆ ಸಮೇತ: ರೇಡಿಯೇಟರಿಗೆ ಬರೀ ನೀರು ಹಾಕಬೇಡಿ, ಬೆರೆಸಿದ ಎರಡು ಬಾಟಲಿ ಡಿಕ್ಕಿಯಲ್ಲಿವೆ.

ಪಾಸ್‌ಪೋರ್ಟಿಗೆ ನಾನೇ ಅರ್ಜಿ ತುಂಬಿದೆ. ಬಂತು. ಕಾಕಾ ಸ್ವೆಟರ್ ಕೊಂಡರು. ಅಕ್ಟೋಬರದ ಬಿಸಿಲಿನಲ್ಲಿ ಅದನ್ನು ತೊಟ್ಟು, ರೂಢಿಯಾಗಲೆಂದು, ಬೆವರುತ್ತ ಸ್ಪ್ಯಾನರ್ ತಿರುಗಿಸುತ್ತಿದ್ದರು. ಆದರೆ ಸಾಹುಕಾರರ ಕಡೆಯಿಂದ ವೀಸಾಕ್ಕೆಂದು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಫೋನ್ ಮಾಡಿ ಕೇಳಿ ಎಂದು ನಾನು ದಿನಾ ಹೇಳುವುದು, "ದೊಡ್ಡೋರು, ಮರತಿರಂಗಿಲ್ರಿ" ಎಂದು ಅವರು ನಗುವುದು. ಕೊನೆಗೆ, ಗಾಡಿ ಒಯ್ಯಲು ಹತ್ತು ದಿನ ಇದೆ ಎನ್ನುವಾಗ, ನಾನೇ ನನ್ನ ಫೋನಿನಲ್ಲಿ ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ.

ಸಾಹುಕಾರರ ದನಿ ಬೆಣ್ಣೆಯಂತಿತ್ತು. "ಕಾಕಾ, ಅಲ್ಲಿ ಬೇಕಾದಷ್ಟು ಮಿಸ್ತ್ರಿಗಳು ಸಿಗ್ತಾರ. ಈ ವಯಸ್ಸಿನ್ಯಾಗ ನೀವು ಎದಕ್ಕ ತ್ರಾಸ ತಗೋತೀರಿ? ಆರಾಮ ಇರ್ರಿ."

ಕಾಕಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹೌದ್ರಿ, ಅದೂ ಖರೆ ಅದ" ಎಂದರು. ಆಮೇಲೆ, "ಡಿಕ್ಕ್ಯಾಗ ಎರಡ ಬಾಟ್ಲಿ ಇಟ್ಟೀನ್ರಿ, ತೆಗಿಬ್ಯಾಡ್ರಿ" ಎಂದು ಹೇಳಿ ಫೋನ್ ನನ್ನ ಕೈಗೆ ಕೊಟ್ಟರು.

ನಾನು ಕೆಂಡಾಮಂಡಲವಾದೆ. ಕೆಲಸ ನಿಲ್ಲಿಸಿ, ಗಾಡಿಯನ್ನು ಬಿಚ್ಚಿಟ್ಟ ಹಾಗೇ ಕಳಿಸಿ ಎಂದೆ. ಸಾಹುಕಾರರಿಗೊಂದು ಪತ್ರ ಬರೆಯುತ್ತೇನೆ ಎಂದೆ. ಕಾಕಾ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. "ಅದರಾಗ ಒಬ್ಬಾಕಿ ಹೆಣ್ಮಗಳು ಕುಂದರ್ತಾಳ್ರಿ ಅಕ್ಕೋರ. ನಡು ಬೆಟ್ಟದಾಗ ನಿಂತ್ರ?" ಎಂದಷ್ಟೇ ಹೇಳಿದರು. ಸಿಟ್ಟೇ ಬಾರದ ಮನುಷ್ಯನ ಜೊತೆ ಜಗಳವಾಡುವುದು ಹೇಗೆ? ನನಗೆ ಎಷ್ಟು ರೇಜಿಗೆಯಾಯಿತೆಂದರೆ, ಗಾಡಿ ಲಾರಿ ಹತ್ತಿ ಹೋದ ದಿನ ನಾನು ಹೊರಗೆ ಬರಲಿಲ್ಲ. ಮೂರ್ನಾಲ್ಕು ದಿನ ಅವರೊಡನೆ ಮಾತೂ ಬಿಟ್ಟೆ.

ಜನವರಿಯ ಒಂದು ಮಧ್ಯಾಹ್ನ ಶಾಲೆಯಲ್ಲಿದ್ದಾಗ ನನ್ನ ಫೋನಿಗೆ ವಿದೇಶದ ನಂಬರಿನಿಂದ ವೀಡಿಯೊ ಕರೆ ಬಂತು. ಕಾಕಾರದು ಬಟನ್ ಫೋನು; ಅಂದು ಮಾತಾಡಿದ ನಂಬರ್ ನನ್ನದಲ್ಲವೆ? ಪರದೆಯ ತುಂಬ ಬಿಳಿ. ಸಾಹುಕಾರರ ತುಟಿ ನೀಲಿಗಟ್ಟಿತ್ತು. ಬೆಟ್ಟದ ದಾರಿಯಲ್ಲಿ ಎಂಜಿನ್ ಕಾದು ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದೆ, ಒಳಗಿನ ಹೀಟರ್ ತಣ್ಣಗಾಗಿದೆ, ಗೆಳೆಯರ ಗಾಡಿಗಳು ಮುಂದೆ ಹೋಗಿವೆ, ಸಹಾಯಕ್ಕೆ ಬರುವವರು ನಾಲ್ಕು ತಾಸು ಎನ್ನುತ್ತಾರೆ.

ಖರೆ ಹೇಳುತ್ತೇನೆ, ಕಾಕಾ ಊರಲ್ಲಿಲ್ಲ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಅವರ ಹೆಂಡತಿ ಕೆಮ್ಮುವುದು ಕೇಳಿತು. ಬಿಡದೆ ಕೆಮ್ಮುತ್ತಿದ್ದಳು... ಹೆಡ್‌ಮಾಸ್ತರರಿಗೆ ಏನೋ ಹೇಳಿ ಸ್ಕೂಟಿ ಹತ್ತಿದೆ.

ಕಾಕಾ ಊಟಕ್ಕೆ ಕೂತಿದ್ದರು. ತಿರುಗಿ ಕರೆ ಹಚ್ಚಿ ಫೋನನ್ನು ಅವರ ಮುಂದೆ ಹಿಡಿದೆ. ಎಂಜಲು ಕೈ ಹಾಗೇ ಇಟ್ಟುಕೊಂಡು ಕೇಳಿದ ಮೊದಲ ಮಾತು, "ನೀರ ಹಾಕೀರೇನ್ರಿ?"

ಹಾಕಿದ್ದರಂತೆ. ಪೈಪಿನ ಕ್ಲಿಪ್ ಸಡಿಲಾಗಿ ಸ್ವಲ್ಪ ಸ್ವಲ್ಪ ಸೋರಿತ್ತಂತೆ. ದಾರಿಯಲ್ಲಿ ಕುಡಿಯುವ ನೀರಿನ ಬಾಟಲಿ ಸುರಿದಿದ್ದರಂತೆ, ಒಮ್ಮೆಯಲ್ಲ, ಮೂರು ಸಲ. ಡಿಕ್ಕಿಯಲ್ಲಿನ ಎರಡು ಬಾಟಲಿ? ಸೂಟ್‌ಕೇಸಿಗೆ ಜಾಗ ಸಾಲದೆ ಮುಂಬೈಯಲ್ಲೇ ತೆಗೆದಿಟ್ಟಿದ್ದರಂತೆ.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಶುರು ಮಾಡಿದ್ದರು. "ರೇಡಿಯೇಟರ್ನ್ಯಾಗ ಬರ್ಫ್ ಕಟ್ಟ್ಯಾದ್ರಿ, ನೀರ ತಿರಗವಲ್ದು. ಗಾಡಿ ಬಂದ್ ಮಾಡ್ರಿ. ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ, ಸುಡ್ತದ. ಇದ್ದ ಕಂಬಳಿ, ಕೋಟ್ ಎಲ್ಲಾ ಮುಂದಿನ ಜಾಲರಿಗಿ ಹೊಚ್ಚ್ರಿ. ಎಂಜಿನ್ ಬಿಸಿಗೇ ಅದು ಕರಗಬೇಕು." ಇಪ್ಪತ್ತು ಮಿನಿಟು ಬಿಟ್ಟು ಎರಡು ಮಿನಿಟು ಚಾಲೂ ಮಾಡಿ, ಮತ್ತೆ ಬಂದ್. ಹಾಗೆ ಮೂರು ಸಲ. ಅನ್ನ ತಟ್ಟೆಯಲ್ಲೇ ಒಣಗಿತು. ಮೂರನೇ ಸಲ "ಮುಳ್ಳ ಇಳಿಯಾಕತ್ತ್ಯಾದ! ಬಿಸಿ ಗಾಳಿ ಬರಾಕತ್ತ್ಯಾದ!" ಎಂದು ಸಾಹುಕಾರರು ಚೀರಿದರು. ಹತ್ತಿರದ ಊರಿಗೆ ಮೆಲ್ಲಗೆ ಹೋಗಿ ಪೂರಾ ಬದಲಿಸಿರಿ ಎಂದು ಕಾಕಾ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದರು: "ಆ ಕ್ಲಿಪ್ ನಾ ಇನ್ನೊಮ್ಮಿ ನೋಡಬೇಕಿತ್ರಿ. ತಪ್ಪಾತು."

ಕ್ಷಮೆ! ಇವರು ಕೇಳಿದ್ದು! ಸಾಹುಕಾರರು "ಇರ್ಲಿ ಬಿಡ್ರಿ ಕಾಕಾ" ಎಂದು ದೊಡ್ಡ ಮನಸ್ಸು ಮಾಡಿ ಫೋನ್ ಇಟ್ಟರು. ನಾನು ಅವತ್ತು ಅಂಗಳದಲ್ಲಿ ನಿಂತು ಏನೇನು ಕೂಗಾಡಿದೆನೋ ನೆನಪಿಲ್ಲ. ಕಾಕಾ ಕೈ ತೊಳೆಯುತ್ತ, ಮುಖವೆಲ್ಲ ಅರಳಿಸಿ, "ನಮ್ಮ ಅರ್ಧಕ್ಕರ್ಧ ಬರೋಬ್ಬರಿ ಇತ್ತು ನೋಡ್ರಿ ಅಕ್ಕೋರ" ಎಂದರು.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಶಹಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸಾಹುಕಾರರು ತಮ್ಮ ಮ್ಯಾನೇಜರನ ಕೈಯಲ್ಲಿ ಹಾರ ಕಳಿಸಿದರು.

ಬಸ್ಸು ಕೆಟ್ಟ ದಿನ ಮನೆಗೆ ಬಂದವಳು ನೇರ ಕಾಕಾರ ಹೆಂಡತಿ ಕಾಕಿಯ ಹತ್ತಿರ ಹೋಗಿ ಕೂತೆ. ಚಹಾ ಕೊಟ್ಟಳು. ಹಳೆಯದೆಲ್ಲ ತೆಗೆದು, ನಿಮ್ಮ ಯಜಮಾನರಿಗೆ ಸಿಟ್ಟು ಅನ್ನುವುದನ್ನೇ ದೇವರು ಕೊಟ್ಟಿರಲಿಲ್ಲ ನೋಡಿ ಕಾಕಿ ಎಂದು ಮತ್ತೆ ಹಲ್ಲು ಕಡಿದೆ.

ಕಾಕಿ ನನ್ನ ಮುಖ ನೋಡಿದಳು. "ಯಾರ ಹೇಳ್ಯಾರ? ಗಾಡಿ ಹೋದ ಮ್ಯಾಲ ಮೂರ ದಿನ ಉಂಡಿಲ್ರಿ ಅಕ್ಕೋರ. ಬಾಗಿಲ ಹಾಕ್ಕೊಂಡು ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ರು. ಸಾವ್ಕಾರಗ ಬಾಯಿಗಿ ಬಂದಂಗ ಬೈದ್ರು. ಅಂಥಾ ಮಾತ ಅವ್ರ ಬಾಯಾಗ ನಾ ಯಾವತ್ತೂ ಕೇಳಿದ್ದಿಲ್ಲ."

"ನನಗ್ಯಾಕ ಹೇಳಲಿಲ್ಲ ಕಾಕಿ?"

"ಹೇಳಬ್ಯಾಡ ಅಂದಿದ್ರು. ಅಕ್ಕೋರಿಗಿ ಮೊದಲೇ ತಲಿ ಕೆಟ್ಟದ, ನಂದೂ ಅವ್ರ ಮ್ಯಾಲ ಎದಕ್ಕ ಹೇರೋದು ಅಂದ್ರು."

ಚಹಾ ಆರಿತು. ಆ ಮೂರು ದಿನ ನನಗೆ ಚೆನ್ನಾಗಿ ನೆನಪಿದೆ. ಶಾಲೆಗೆ ಹೋಗುವಾಗ, ಬರುವಾಗ ಅವರ ಬಾಗಿಲು ಮುಚ್ಚಿರುತ್ತಿತ್ತು. ಸುಖವಾಗಿ ನಿದ್ದೆ ಹೊಡೆಯುತ್ತಿದ್ದಾರೆ ಎಂದುಕೊಂಡು, ಸಿಟ್ಟಿನಲ್ಲಿ ಮುಖ ತಿರುವಿ ದಾಟಿ ಹೋಗುತ್ತಿದ್ದೆ. ಒಂದೇ ಗೋಡೆಯ ಆಚೆ ಅವರು, ಈಚೆ ನಾನು, ಇಬ್ಬರೂ ಒಬ್ಬನನ್ನೇ ಬೈಯುತ್ತಿದ್ದೆವು... ಬಾಗಿಲು ಬಡಿದಿದ್ದರೆ ಕೂಡಿ ಕೂತು ಬೈಯಬಹುದಿತ್ತು. ನಾನು ಬಡಿಯಲಿಲ್ಲ.