ಮಾರ್ಬಲ್ ಕಟ್ಟೆಯ ಯೋಗಕ್ಷೇಮ

ತೋಡಾರಿನ ಶಮ್ನಾಳಿಗೆ ಶುಕ್ರವಾರ ಬಂತೆಂದರೆ ಮೈ ಉರಿಯುತ್ತಿತ್ತು. ಅಂದು ದೂರದ ಜುಬೈಲಿನಲ್ಲಿ ಕೆಲಸಕ್ಕಿದ್ದ ಗಂಡ ಇಮ್ತಿಯಾಝನ ಫೋನು. ಸಲಾಂ ಮುಗಿದ ಕೂಡಲೇ ಅವನ ಮೊದಲ ಪ್ರಶ್ನೆ ಒಂದೇ: "ಕಟ್ಟೆಗೆ ಕಲೆ ಏನೂ ಬೀಳ್ಲಿಲ್ಲ ಅಲ್ವಾ?"

ಕಟ್ಟೆ ಎಂದರೆ ಅಡುಗೆಮನೆಯದ್ದು. ಎರಡು ಸಾವಿರದ ಎರಡರಲ್ಲಿ ಹೊಸ ಮನೆ ಕಟ್ಟಿಸುವಾಗ, ಊರವರೆಲ್ಲ ಹಾಕಿಸುವ ಕರಿಕಲ್ಲು ಬೇಡವೆಂದು ಇಮ್ತಿಯಾಝ್ ಬಿಳಿ ಮಾರ್ಬಲ್ ಹಾಕಿಸಿದ್ದ. ಹುಳಿ ಬಿದ್ದರೆ ಹೊಳಪು ಹೋಗುತ್ತದೆ, ಅರಸಿನ ಬಿದ್ದರೆ ಕಲೆ ಹೋಗುವುದಿಲ್ಲ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಹುಳಿ, ಅರಸಿನ ಇಲ್ಲದ ಅಡುಗೆಯನ್ನು ಈ ಸೀಮೆಯಲ್ಲಿ ಯಾರು ಉಣ್ಣುತ್ತಾರೆ? ಇಮ್ತಿಯಾಝನಿಗೆ ಆ ಯೋಚನೆಯೇ ಬೇಕಿರಲಿಲ್ಲ. ಮನೆಯ ಹಿಂದುಗಡೆ ಶೀಟಿನ ಮಾಡು ಇಳಿಸಿ, ಸೌದೆ ಒಲೆ ಹಾಕಿಸಿದ. ಒಳಗಿನ ಗ್ಯಾಸ್ ಒಲೆ ಚಹಾಕ್ಕೆ ಮಾತ್ರ, ಮೀನು ಮಸಾಲೆಯೆಲ್ಲ ಹೊರಗೆ ಎಂದು ಅಪ್ಪಣೆ ಕೊಟ್ಟು ವಿಮಾನ ಹತ್ತಿದ.

ಹೊಗೆಯಲ್ಲಿ ಬೆಂದವಳು ಶಮ್ನಾ. ಕೆಮ್ಮು ಹಿಡಿಯಿತು. ಹೊಗೆ ಬಿಡದೆ ಇದು ಬಿಡುವುದಿಲ್ಲ ಎಂದರು ಮೂಡುಬಿದಿರೆಯ ಡಾಕ್ಟರು. ಅದನ್ನು ಫೋನಿನಲ್ಲಿ ಹೇಳಿದರೆ ಅವನು, "ಬಿಸಿನೀರು ಕುಡಿ. ಕಟ್ಟೆ ಸರಿ ಒರೆಸ್ತಿ ಅಲ್ವಾ?" ಎಂದ.

ಒರೆಸುತ್ತಿದ್ದಳು, ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ, ಹಲ್ಲು ಕಚ್ಚಿಕೊಂಡು. ಸವತಿಯಾದರೂ ಆಗಿದ್ದರೆ ಜಗಳ ಆಡಬಹುದಿತ್ತು. ಕಲ್ಲಿನ ಜೊತೆ ಏನು ಆಡುವುದು?

ರಂಜಾನಿಗೆ ಇಮ್ತಿಯಾಝ್ ರಜೆಯಲ್ಲಿ ಬಂದ. ಒಂದು ಸಂಜೆ ಇಫ್ತಾರಿಗೆ ದೋಸ್ತಿಗಳನ್ನು ಕರೆದ. ಉಂಡಾದ ಮೇಲೆ, "ಬನ್ನಿ ಮಾರಾಯ್ರೆ, ಒಂದು ಸಂಗತಿ ತೋರಿಸ್ತೇನೆ" ಎಂದು ಎಲ್ಲರನ್ನೂ ಅಡುಗೆಮನೆಗೇ ಕರೆತಂದ. ಅವರು ಕಲ್ಲು ಸವರಿ ಹೊಗಳುತ್ತಾ, ಕೈಯಲ್ಲಿದ್ದ ಕೆಂಪು ಪುನರ್ಪುಳಿ ಶರಬತ್ತಿನ ಗ್ಲಾಸುಗಳನ್ನು ಅದರ ಮೇಲೆಯೇ ಇಟ್ಟರು. ಹೊರಗಿನ ಗಂಡಸರ ಎದುರು ಶಮ್ನಾ ಬರುವ ಹಾಗಿಲ್ಲ. ಬಾಗಿಲ ಮರೆಯಿಂದ ಗಂಡನಿಗೆ ಕೇಳಲೆಂದು ಜೋರಾಗಿ ಕೆಮ್ಮಿದಳು. ಅವಳ ಕೆಮ್ಮನ್ನು ಅವನು ಯಾವಾಗ ಕಿವಿಗೆ ಹಾಕಿಕೊಂಡಿದ್ದ?

ಬೆಳಿಗ್ಗೆ ನೋಡಿದರೆ ಬಿಳಿ ಕಲ್ಲಿನ ತುಂಬ ಕೆಂಪು ಬಳೆಗಳು.

"ಏನು ಮಾಡಿ ಹಾಕಿದ್ದಿ ಇದು?" ಎಂದು ಇಮ್ತಿಯಾಝ್ ಹೆಂಡತಿಯ ಮೇಲೆ ಹಾರಿದ.

"ನಾನಾ? ನಿಮ್ಮ ದೋಸ್ತಿಗಳ ಶರಬತ್ತು ಅದು!"

ಅವನು ಕೇಳಿಸಿಕೊಳ್ಳಲಿಲ್ಲ. ಹಿತ್ತಿಲಿನ ಮರದಿಂದ ಬಿಂಬುಳಿ ಕಾಯಿ ಕೊಯ್ದು ತಂದ. ಅವನ ತಾಯಿ ಬೀಪಾತುಮ್ಮ ತಾಮ್ರದ ಹಂಡೆ ತಿಕ್ಕುತ್ತಿದ್ದುದು ಅದರಲ್ಲಿಯೇ.

"ಬೇಡ, ಅದೂ ಹುಳಿಯೇ" ಎಂದಳು ಶಮ್ನಾ.

"ನನಗೆ ಕಲಿಸ್ಲಿಕ್ಕೆ ಬರಬೇಡ. ಉಮ್ಮನ ಹಂಡೆ ಕನ್ನಡಿ ಹಾಗೆ ಇರ್ತಿತ್ತು" ಎಂದು ಬಿಂಬುಳಿ ಜಜ್ಜಿ, ಕಟ್ಟೆಯ ಈ ತುದಿಯಿಂದ ಆ ತುದಿಗೆ ಬೆವರು ಸುರಿಸಿ ತಿಕ್ಕಿದ. ತೊಳೆದು ನೋಡಿದರೆ ಕೆಂಪು ಹೋಗಿತ್ತು. ಜೊತೆಗೆ ಹೊಳಪೂ ಹೋಗಿ, ಕಲ್ಲು ಹಳೆ ಸುಣ್ಣದ ಗೋಡೆಯ ಹಾಗೆ ಮಂಕಾಗಿತ್ತು.

ಶಮ್ನಾ ಹೊರಗಿನ ಒಲೆಯ ಹತ್ತಿರ ಹೋದಳು. ಮೀನಿನ ಚಟ್ಟಿ, ಮಸಾಲೆ ಡಬ್ಬಿ, ಕತ್ತಿ ಒಂದೊಂದಾಗಿ ಒಳಗೆ ತಂದು ಕಟ್ಟೆಯ ಮೇಲೆ ಕುಕ್ಕಿದಳು.

"ಇಲ್ಲಿ ಬಂಗುಡೆ ಕೊಯ್ತಿಯಾ?" ಇಮ್ತಿಯಾಝನ ಸ್ವರ ಉಡುಗಿತ್ತು.

"ಹಾಳಾಗ್ಲಿಕ್ಕೆ ಇನ್ನೇನುಂಟು? ನನ್ನ ಎದೆ ಒಂದುಂಟು, ಅದು ಬೇಕು ನನಗೆ."

ಹಬ್ಬ ಮುಗಿಸಿ ಅವನು ಜುಬೈಲಿಗೆ ಹೋದ. ಶುಕ್ರವಾರ ಫೋನು ಬಂತು. ಸಲಾಂ ಆದ ಮೇಲೆ ಕಟ್ಟೆಯ ಪ್ರಶ್ನೆ ಬರಲಿಲ್ಲ.

"ನಿನ್ನ ಕೆಮ್ಮು ಈಗ ಹೇಗುಂಟು?" ಎಂದ.

ಇದೊಂದು ಮಾತು ಕೇಳಲು ಕಲ್ಲು ಹಾಳಾಗಬೇಕಾಯಿತೇ? ಶಮ್ನಾಳ ಸಿಟ್ಟು ನೆತ್ತಿಗೇರಿತು.

"ಕಟ್ಟೆ ಚಂದ ಉಂಟು" ಎಂದು ಹೇಳಿ ಫೋನು ಇಟ್ಟಳು.