ಉಣಕಲ್ಲಿನಲ್ಲಿ ಹತ್ತಿದ ಕೋಟು

ಟ್ರಂಕು ತೆಗೆದರೆ ಡಾಂಬರು ಗುಳಿಗೆಯ ವಾಸನೆಯ ಜೊತೆಗೆ ನನ್ನ ಹಳೆಯ ಕರಿ ಕೋಟು ಹೊರಬಂತು. ಒಂದು ಗುಂಡಿ ಜೋತಾಡುತ್ತಿತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಎತ್ತಿ ಹಿಡಿದು, "ಅಜ್ಜಾ, ಫೈನ್ ಐತಿ" ಅಂದಳು. ಅವಳಿಗೆ ಉಪ್ಪಿಟ್ಟೂ ಫೈನ್, ಮಳೆಯೂ ಫೈನ್. ನಗಬೇಡಿ, ಅವಳ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ. ಸಾಲದ್ದಕ್ಕೆ ಆ ಪದದ ಹುಟ್ಟು ಬೇರೆ ಗೊತ್ತಿತ್ತು.

ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಬಿ.ಎ. ಮುಗಿಸಿ ಹುಬ್ಬಳ್ಳಿಯ ಮನೆಯಲ್ಲಿ ಕೂತಿದ್ದೆ. ಮಾಸ್ತರಿಕೆಯ ಸಂದರ್ಶನಕ್ಕೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದೆ. ತಪ್ಪು ಅಪ್ಪನ ಹಳೇ ಕೋಟಿನದು ಎಂದು ಅವ್ವ ತೀರ್ಮಾನಿಸಿದಳು. ನನ್ನದು ಅನ್ನುವುದಕ್ಕಿಂತ ಅದೇ ವಾಸಿ ಎಂದು ನಾನೂ ಒಪ್ಪಿದೆ. ಮೂರನೆಯ ಕರೆ ಧಾರವಾಡದಿಂದ ಬಂದಾಗ ದರ್ಜಿ ಇಮಾಮಸಾಬರಿಗೆ ಹೊಸ ಕೋಟು ಹೊಲಿಯಲು ಹೇಳಿದೆವು. ಧಾರವಾಡದ ರೈಲುದಾರಿಯಲ್ಲಿರುವ ಉಣಕಲ್ಲಿನವರು; ದಿನಾ ನಮ್ಮ ಓಣಿಯ ಅಂಗಡಿಗೆ ಬಂದು ಹೊಲಿಯುತ್ತಿದ್ದರು. ಅವರದೊಂದು ಚಾಳಿ: ಒಳಮಗ್ಗಲು ಹೊರಮಗ್ಗಲಿನಷ್ಟೇ ಚೊಕ್ಕ ಆಗುವತನಕ ಬಟ್ಟೆ ಕೊಡುತ್ತಿರಲಿಲ್ಲ.

ಸಂದರ್ಶನದ ಹಿಂದಿನ ದಿನ ಹೋಗಿ ಕೋಟು ಹಾಕಿ ನೋಡಿದೆ. ಒಳಗಿನ ಅಸ್ತರಿನ ಅಂಚು, ಗುಂಡಿಗಳು ಇನ್ನೂ ಬಾಕಿ. "ಇರಲಿ ಬಿಡ್ರಿ ಚಾಚಾ, ಫೈನ್ ಆಗೇತಿ" ಎಂದೆ, ಒಯ್ಯುವ ಅವಸರಕ್ಕೆ.

"ಫೈನ್ ಅಂದ್ರ ಏನ್ರಿ ಮಾಸ್ತರ?" ಕೆಲಸ ಸಿಗುವ ಮೊದಲೇ ನನ್ನನ್ನು ಹಾಗೆ ಕರೆಯುತ್ತಿದ್ದರು.

ಕೇಳುವವರು ಸಿಕ್ಕರೆ ನಾನು ಬಿಡುವವನೇ? ಲ್ಯಾಟಿನ್ನಿನಲ್ಲಿ ಅದರ ಬೇರಿಗೆ 'ಕೊನೆ' ಎಂದರ್ಥ. ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬಂತು. ಕೊನೆ ಮುಟ್ಟಿದ್ದು ಪಕ್ವವಾದದ್ದು, ಅಲ್ಲಿಂದ ಒಳ್ಳೆಯದು, ನಯವಾದದ್ದು, ತೆಳ್ಳಗಿನ ಮಲ್ಮಲ್ಲು, ತಿಳಿಯಾದ ಹವೆ, ಗಟ್ಟಿಮುಟ್ಟಾದ ಮೈ. ಅಂಗಡಿಯನ್ನೇ ಕ್ಲಾಸು ಮಾಡಿಬಿಟ್ಟೆ. ಇಮಾಮಸಾಬರು ಸೂಜಿ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ನನ್ನ ಮೈಮೇಲಿನ ಕೋಟನ್ನು ಬಿಚ್ಚಿಕೊಂಡರು.

"ಖರೇ ಹೇಳಿದ್ರಿ. ಕೊನಿ ಮುಟ್ಟೂತನಕಾ ಹಂಗ ಅನಬಾರದು. ಇದಿನ್ನೂ ಆಗಿಲ್ಲರಿ."

"ನಾಳೆ ಮುಂಜಾನಿ ಗಾಡಿ ಐತ್ರಿ ಚಾಚಾ. ಒಳಗಿಂದು ಯಾರ ನೋಡ್ತಾರ?"

"ನಾ ನೋಡ್ತೇನಲ್ರಿ. ಉಣಕಲ್ ಸ್ಟೇಶನ್ನಿನಾಗ ನಿಂತಿರ್ತೇನಿ, ಹೋಗ್ರಿ."

ಕೋಟಿಲ್ಲದೆ ಮನೆಗೆ ಬಂದು ನಡೆದದ್ದು ಹೇಳಿದರೆ, "ನಿನ್ನ ಶಾಣ್ಯಾತನ ಸುಡ್ಲಿ" ಎಂದು ಅವ್ವ ಬೈದಳು. ಮರುದಿನ ಬರೀ ಅಂಗಿಯಲ್ಲಿ ರೈಲು ಹತ್ತಿದೆ. ಈ ಸಲವೂ ಹೋಯಿತು ಎಂದುಕೊಂಡೆ. ಉಣಕಲ್ಲಿನಲ್ಲಿ ಕಿಟಕಿಯಿಂದ ಕತ್ತು ಚಾಚಿದರೆ ಇಮಾಮಸಾಬರು ಕೋಟು ಹಿಡಿದು ನಿಂತಿದ್ದರು. ಕೊಟ್ಟು ಹೋಗುತ್ತಾರೆಂದುಕೊಂಡರೆ ತಾವೇ ಗಾಡಿಯ ಡಬ್ಬಿ ಹತ್ತಿದರು. ಕೈಯಲ್ಲಿ ಟಿಕೀಟು, ಕಾಲರಿನಲ್ಲಿ ಚುಚ್ಚಿದ ಸೂಜಿ.

"ಒಂದ ಗುಂಡಿ ಉಳದೈತ್ರಿ. ಹಾಕ್ಕೊಳ್ರಿ, ಅಳ್ಳಾಡಬ್ಯಾಡ್ರಿ."

ಗಾಡಿ ಅಲ್ಲಾಡುತ್ತಿತ್ತು, ನಾನು ಉಸಿರು ಬಿಗಿಹಿಡಿದು ಕೂತೆ. ಧಾರವಾಡ ಬರುವ ಹೊತ್ತಿಗೆ ದಾರವನ್ನು ಹಲ್ಲಿನಿಂದ ಕಡಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಈಗ ಅನ್ರಿ."

"ಫೈನ್" ಎಂದೆ.

ಕೆಲಸ ಸಿಕ್ಕಿತು. ಒಳಮಗ್ಗಲನ್ನು ಅಲ್ಲಿ ಯಾರೂ ನೋಡಲಿಲ್ಲ. ಅದು ಚೊಕ್ಕವಾಗಿದೆ ಎಂದು ನನಗೆ ಗೊತ್ತಿತ್ತು, ಅಷ್ಟಕ್ಕೇ ನೆಟ್ಟಗೆ ಕೂತಿದ್ದೆ. ರೈಲಿನಲ್ಲಿ ಹಚ್ಚಿದ ಆ ಗುಂಡಿ ಇಂದಿಗೂ ಗಟ್ಟಿ; ಜೋತಾಡುತ್ತಿರುವುದು ಅದರ ಪಕ್ಕದ್ದು.

ಮೊಮ್ಮಗಳು ಇನ್ನೂ ಕೋಟು ಹಿಡಿದು ನಿಂತಿದ್ದಾಳೆ. ಲ್ಯಾಟಿನ್ನು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

"ಸೂಜಿ-ದಾರ ತಗೊಂಡ ಬಾರವಾ" ಎಂದೆ. "ಫೈನ್ ಅಂತ ಆಮ್ಯಾಲ ಅನ್ನೀಯಂತ."